ತೊಟ್ಟಿಯ ಮೀನಿಗೆ ಮರೆ

ಪ್ರಶ್ನೆ: ಅಕ್ವಾಪೋನಿಕ್ಸ್ (ಮೀನು ಸಾಕುವ ನೀರಿನಿಂದಲೇ ಗಿಡ ಬೆಳೆಸುವ ವಿಧಾನ) ತೊಟ್ಟಿಯಲ್ಲಿ ತಿಲಾಪಿಯಾ ಮೀನು ಸಾಕಿದ್ದೇನೆ. ಹತ್ತಿರ ಹೋದರೆ ಗಾಬರಿಯಿಂದ ಗೋಡೆಗೆ ಬಡಿದುಕೊಳ್ಳುತ್ತವೆ. ಸಣ್ಣ ಮೀನುಗಳ ಈಜುರೆಕ್ಕೆಗಳು ಹರಿದಿವೆ. ಒಳಗೆ ಕಲ್ಲು, ಕೊಳವೆ ಹಾಕಬಹುದೇ?

ಉತ್ತರ: ಹಾಕಬಹುದು, ಆದರೆ ಕಲ್ಲಿನ ವಿಷಯದಲ್ಲಿ ಎಚ್ಚರ ಬೇಕು. ಸುಣ್ಣಕಲ್ಲು, ಚಿಪ್ಪು, ಹವಳದ ತುಂಡುಗಳು ನಿಧಾನವಾಗಿ ಕರಗಿ ನೀರಿನ ಪಿಎಚ್ (ಆಮ್ಲ-ಕ್ಷಾರದ ಅಳತೆ) ಏರಿಸುತ್ತವೆ. ಅದು 7ನ್ನು ದಾಟಿ ಮೇಲೇರಿದಂತೆಲ್ಲ ಗಿಡಗಳಿಗೆ ಕಬ್ಬಿಣಾಂಶ ದಕ್ಕುವುದು ಕಡಿಮೆಯಾಗಿ ಎಳೆಯ ಎಲೆಗಳು ಹಳದಿಯಾಗುತ್ತವೆ. ಕಲ್ಲಿನ ಮೇಲೆ ನಾಲ್ಕು ಹನಿ ವಿನೆಗರ್ ಬಿಟ್ಟು ನೋಡಿ. ಗುಳ್ಳೆ ಎದ್ದರೆ ಆ ಕಲ್ಲು ಬೇಡ. ತಾಮ್ರದ ವಸ್ತುವಂತೂ ಬೇಡವೇ ಬೇಡ.

ನನ್ನ ಮಟ್ಟಿಗೆ ಕುಡಿಯುವ ನೀರಿಗೆ ಬಳಸುವ ಪಿವಿಸಿ ಕೊಳವೆಯೇ ಮೇಲು. ದೊಡ್ಡ ಮೀನು ಸಿಕ್ಕಿಕೊಳ್ಳದಷ್ಟು ಅಗಲವಾದ, ಎರಡೂ ತುದಿ ತೆರೆದ ತುಂಡುಗಳನ್ನು ಆರಿಸಿ, ಕತ್ತರಿಸಿದ ಅಂಚನ್ನು ಉಪ್ಪುಕಾಗದದಿಂದ ಉಜ್ಜಿ, ತಳಕ್ಕೆ ತಾಗದಂತೆ ತೂಗುಹಾಕಿದರೆ, ಹಿಕ್ಕೆ ಅವುಗಳಡಿ ಶೇಖರವಾಗಿ ಕೊಳೆಯದೆ ಫಿಲ್ಟರಿನತ್ತ ಹರಿದುಹೋಗುತ್ತದೆ. ಒಂದೆರಡೇ ತುಂಡು ಇಟ್ಟರೆ ಬಲಿಷ್ಠ ಮೀನು ಅದನ್ನೇ ತನ್ನ ಗಡಿಯೆಂದು ಕಾಯುತ್ತದೆ. ಹರಿದ ರೆಕ್ಕೆಗಳಿಗೆ ಇಂಥ ಜಗಳವೇ ಕಾರಣವಾಗಿರಬಹುದಾದ್ದರಿಂದ, ಐದಾರನ್ನು ದೂರದೂರ ಇಡಿ.

ಅದಕ್ಕೂ ಮೊದಲು ತೊಟ್ಟಿಯ ಅರ್ಧಭಾಗಕ್ಕೆ ನೆರಳುಪರದೆ ಕಟ್ಟಿ. ತಲೆಯ ಮೇಲಿನ ಮರೆ ಮೀನಿನ ಅಂಜಿಕೆಯನ್ನು ತಗ್ಗಿಸುತ್ತದೆ, ಪಾಚಿಯೂ ಕಡಿಮೆಯಾಗುತ್ತದೆ.