ಚೀಸ್, ಬೇಕನ್, ಆಲೂಗೆಡ್ಡೆ ಕ್ಯಾಸರೋಲ್: ಕಡಿಮೆ ಖರ್ಚಿನಲ್ಲಿ ಹೇಗೆ?

ಪ್ರಶ್ನೆ: ಮೇಡಂ, ನಮಸ್ಕಾರ. ಮಗ ಹೊರದೇಶದಲ್ಲಿ ಓದಿ ಊರಿಗೆ ಬಂದಿದ್ದಾನೆ. ಅಲ್ಲಿ ತಿನ್ನುತ್ತಿದ್ದ ಚೀಸ್, ಬೇಕನ್, ಆಲೂಗೆಡ್ಡೆ ಕ್ಯಾಸರೋಲ್ ಮಾಡಮ್ಮ ಅಂತ ಕೇಳುತ್ತಿದ್ದಾನೆ. ನಾನು ನೋಡಿದ ರೆಸಿಪಿಗಳಲ್ಲೆಲ್ಲ ಅರ್ಧ ಕೆಜಿ ಬೇಕನ್, ಅಷ್ಟೇ ಚೀಸ್, ಮೇಲೆ ಕ್ರೀಮ್ ಬೇರೆ. ನಾವು ಮನೆಯಲ್ಲಿ ಆರು ಜನ. ಒಂದು ಹೊತ್ತಿನ ಊಟಕ್ಕೆ ಅಷ್ಟು ದುಡ್ಡು ಹಾಕೋಕೆ ಮನಸ್ಸು ಬರುತ್ತಿಲ್ಲ. ಕಡಿಮೆಯಲ್ಲಿ ಮಾಡುವ ದಾರಿ ಇದೆಯಾ? – ಹಾಸನದ ಓದುಗರು

ಉತ್ತರ: ನಮಸ್ಕಾರ. ದಾರಿ ಇದೆ. ಗೊತ್ತಿಲ್ಲದವರಿಗೆ ಒಂದು ಮಾತು: ಬೇಕನ್ ಅಂದರೆ ಉಪ್ಪು ಹಾಕಿ ಹೊಗೆಯಾಡಿಸಿದ ಹಂದಿ ಮಾಂಸದ ತೆಳು ಪಟ್ಟಿ, ಕ್ಯಾಸರೋಲ್ ಅಂದರೆ ಪಾತ್ರೆಯಲ್ಲಿ ಪದರ ಪದರವಾಗಿ ಜೋಡಿಸಿ ಓವನ್‌ನಲ್ಲಿ ಬೇಯಿಸುವ ಅಡುಗೆ. ಆರು ಜನಕ್ಕೆ ನೂರು ಗ್ರಾಂ ಬೇಕನ್, ನೂರು ಗ್ರಾಂ ಚೀಸ್ ಸಾಕು. ಕ್ರೀಮ್ ಬೇಡವೇ ಬೇಡ. ಮಿಕ್ಕಿದ್ದೆಲ್ಲ ನಿಮ್ಮ ಮನೆಯಲ್ಲೇ ಇರುತ್ತದೆ.

ಈ ಅಡುಗೆಯಲ್ಲಿ ಬೇಕನ್ ರುಚಿ ಇರುವುದು ಹೆಚ್ಚಾಗಿ ಅದರ ಕೊಬ್ಬಿನಲ್ಲಿ. ಉಪ್ಪು, ಹೊಗೆ ವಾಸನೆ ಎರಡನ್ನೂ ಕೊಬ್ಬು ಹಿಡಿದಿಟ್ಟುಕೊಂಡಿರುತ್ತದೆ. ಎಷ್ಟೋ ಜನ ಬೇಕನ್ ಹುರಿದು ತುಂಡುಗಳನ್ನು ಎತ್ತಿಕೊಂಡು ಕೊಬ್ಬನ್ನು ಚೆಲ್ಲುತ್ತಾರೆ. ಆಮೇಲೆ ಸಾಸ್‌ಗೆ ಅಂತ ಬೆಣ್ಣೆ ತರುತ್ತಾರೆ. ದುಡ್ಡು ಎರಡು ಸಲ ಖರ್ಚಾಗುತ್ತದೆ, ರುಚಿ ಸಿಂಕ್‌ಗೆ ಹೋಗುತ್ತದೆ. ನೀವು ಆ ಕೊಬ್ಬಿನಲ್ಲೇ ಸಾಸ್ ಮಾಡಿ. ಆಗ ಬೇಕನ್ ತುಂಡು ಸಿಗದ ತುತ್ತಿನಲ್ಲೂ ಬೇಕನ್ ರುಚಿ ಇರುತ್ತದೆ.

ಬೇಕಾಗುವುದು ಇಷ್ಟು. ಆಲೂಗೆಡ್ಡೆ ಒಂದು ಕೆಜಿ, ಬೇಕನ್ ನೂರು ಗ್ರಾಂ, ಚೀಸ್ ನೂರು ಗ್ರಾಂ, ಹಾಲು ಅರ್ಧ ಲೀಟರ್, ದೊಡ್ಡ ಈರುಳ್ಳಿ ಒಂದು, ಬೆಳ್ಳುಳ್ಳಿ ನಾಲ್ಕು ಎಸಳು, ಮೈದಾ ಎರಡು ದೊಡ್ಡ ಚಮಚ, ಕಾಳುಮೆಣಸು, ಹಳೆಯ ಬ್ರೆಡ್ ಎರಡು ಸ್ಲೈಸ್. ಹಾಲಿಗೆ ನಂದಿನಿ ನೀಲಿ ಪ್ಯಾಕೆಟ್ ಸಾಕು. ಅದರಲ್ಲಿ ಶೇ 3ರಷ್ಟು ಜಿಡ್ಡು ಇರುತ್ತದೆ, ಬೇಕನ್‌ನ ಕೊಬ್ಬೂ ಸೇರುತ್ತದೆ. ಗಟ್ಟಿ ಹಾಲೇ ಆಗಬೇಕು ಅಂತೇನಿಲ್ಲ.

ಮೊದಲು ಬೇಕನ್. ಫ್ರಿಜ್‌ನಿಂದ ತೆಗೆದ ತಕ್ಷಣ, ತಣ್ಣಗಿರುವಾಗಲೇ ಕತ್ತರಿಯಲ್ಲಿ ಸಣ್ಣಗೆ ಕತ್ತರಿಸಿ. ಬಾಣಲೆ ಕಾಯಿಸಬೇಡಿ. ತಣ್ಣಗಿನ ಬಾಣಲೆಗೆ ಬೇಕನ್ ಹಾಕಿ, ಎರಡು ಚಮಚ ನೀರು ಚಿಮುಕಿಸಿ, ಸಣ್ಣ ಉರಿಯಲ್ಲಿಡಿ. ನೀರು ಆರುವಷ್ಟರಲ್ಲಿ ಕೊಬ್ಬು ಕರಗಿ ಹೊರಗೆ ಬರುತ್ತದೆ. ಜೋರು ಉರಿಯಲ್ಲಿ ಹಾಕಿದರೆ ಮೇಲೆ ಸೀದು, ಕೊಬ್ಬು ಒಳಗೇ ಉಳಿಯುತ್ತದೆ. ಸುಮಾರು ಹತ್ತು ನಿಮಿಷಕ್ಕೆ ತುಂಡುಗಳು ಕೆಂಪಗೆ ಗರಿಗರಿಯಾಗುತ್ತವೆ. ಅವನ್ನು ತಟ್ಟೆಗೆ ತೆಗೆದಿಡಿ. ಕೊಬ್ಬು ಬಾಣಲೆಯಲ್ಲೇ ಇರಲಿ, ಅದರಲ್ಲಿ ಒಂದು ಚಮಚದಷ್ಟನ್ನು ಬ್ರೆಡ್ ಪುಡಿಗೆ ಅಂತ ಬೇರೆ ಎತ್ತಿಡಿ. ಉಳಿದದ್ದು ಎರಡು ದೊಡ್ಡ ಚಮಚಕ್ಕಿಂತ ಕಡಿಮೆ ಅನ್ನಿಸಿದರೆ ಸ್ವಲ್ಪ ಬೆಣ್ಣೆ ಸೇರಿಸಿ.

ಇತ್ತ ಆಲೂಗೆಡ್ಡೆ ಸಿಪ್ಪೆ ತೆಗೆದು ಅರ್ಧ ಸೆಂಟಿಮೀಟರ್ ದಪ್ಪದ ಬಿಲ್ಲೆ ಮಾಡಿ. ಉಪ್ಪು ಹಾಕಿದ ತಣ್ಣೀರಿನಲ್ಲಿ ಹಾಕಿ ಒಲೆಗಿಡಿ. ಕುದಿ ಬಂದ ಮೇಲೆ ಆರೇಳು ನಿಮಿಷ ಸಾಕು. ಚಾಕು ತುದಿ ಸಲೀಸಾಗಿ ಇಳಿಯಬೇಕು, ಬಿಲ್ಲೆ ಮುರಿಯಬಾರದು. ಕುಕ್ಕರ್‌ನಲ್ಲಿ ವಿಷಲ್ ಹಾಕಿಸಬೇಡಿ, ಪಲ್ಯದ ಹದಕ್ಕೆ ಹೋಗಿಬಿಡುತ್ತದೆ. ಬಸಿಯುವಾಗ ಅರ್ಧ ಲೋಟ ನೀರು ಎತ್ತಿಟ್ಟುಕೊಳ್ಳಿ. ಬಿಲ್ಲೆಗಳನ್ನು ಅಗಲ ತಟ್ಟೆಯಲ್ಲಿ ಹರಡಿ, ಹಬೆ ಆರುವವರೆಗೆ ಐದು ನಿಮಿಷ ಬಿಡಿ. ಈ ಐದು ನಿಮಿಷವನ್ನು ದಯವಿಟ್ಟು ಉಳಿಸಬೇಡಿ. ಹಸಿ ಆರದ ಗೆಡ್ಡೆ ನೀರು ಬಿಟ್ಟು ಸಾಸ್ ತೆಳ್ಳಗಾಗುತ್ತದೆ.

ಹಸಿ ಆಲೂಗೆಡ್ಡೆಯನ್ನೇ ಜೋಡಿಸಿ ಬೇಕ್ ಮಾಡುವ ರೆಸಿಪಿಗಳೂ ಇವೆ. ಅದಕ್ಕೆ ಓವನ್‌ನಲ್ಲಿ ಒಂದು ಗಂಟೆ, ಕೆಲವೊಮ್ಮೆ ಅದಕ್ಕಿಂತ ಜಾಸ್ತಿ ಬೇಕು. ಮೊದಲೇ ಬೇಯಿಸಿಕೊಂಡರೆ ಅರ್ಧ ಗಂಟೆಯಲ್ಲಿ ಮುಗಿಯುತ್ತದೆ. ಕರೆಂಟ್ ಬಿಲ್ಲೂ ಖರ್ಚಿನ ಲೆಕ್ಕದಲ್ಲೇ ಬರುತ್ತದೆ ಅಲ್ವಾ?

ಈಗ ಸಾಸ್. ಬೇಕನ್ ಕೊಬ್ಬಿನಲ್ಲಿ ಈರುಳ್ಳಿ, ಬೆಳ್ಳುಳ್ಳಿ ಮೆತ್ತಗಾಗಲಿ. ಮೈದಾ ಹಾಕಿ ಸಣ್ಣ ಉರಿಯಲ್ಲಿ ಎರಡು ನಿಮಿಷ ಕೈಯಾಡಿಸಿ. ಹಸಿ ವಾಸನೆ ಹೋಗಬೇಕು, ಬಣ್ಣ ತಿರುಗಬಾರದು. ಹಾಲನ್ನು ಸ್ವಲ್ಪ ಸ್ವಲ್ಪವೇ ಹಾಕುತ್ತಾ ಗಂಟಾಗದಂತೆ ತಿರುವಿ. ನಾಲ್ಕೈದು ನಿಮಿಷಕ್ಕೆ ದೋಸೆ ಹಿಟ್ಟಿನ ಹದಕ್ಕೆ ಬರುತ್ತದೆ. ಜಾಸ್ತಿ ಗಟ್ಟಿಯಾದರೆ ಎತ್ತಿಟ್ಟ ಆಲೂಗೆಡ್ಡೆ ನೀರು ಹಾಕಿ. ಅದರಲ್ಲಿ ಪಿಷ್ಟ ಇರುವುದರಿಂದ ಸಾಸ್ ತೆಳ್ಳಗಾದರೂ ನುಣುಪು ಕೆಡುವುದಿಲ್ಲ. ಒಲೆ ಆರಿಸಿ. ಆಮೇಲೆ ತುರಿದ ಚೀಸ್‌ನಲ್ಲಿ ಮುಕ್ಕಾಲು ಭಾಗ ಹಾಕಿ ಕಲಸಿ. ಕಾಳುಮೆಣಸನ್ನು ಆಗಿಂದಾಗ್ಗೆ ಕುಟ್ಟಿ ಹಾಕಿ. ನಮ್ಮ ಕಡೆ ಕಾಫಿ ತೋಟದ ಸಿಲ್ವರ್ ಮರಕ್ಕೆ ಹಬ್ಬಿದ ಮೆಣಸು ಇರುವಾಗ ಡಬ್ಬಿಯ ಹಳೇ ಪುಡಿ ಯಾಕೆ? ಚೀಸ್ ಕಡಿಮೆ ಹಾಕಿದಾಗ ಆ ಘಾಟು ಬಹಳ ಸಹಾಯ ಮಾಡುತ್ತದೆ. ಉಪ್ಪನ್ನು ಮಾತ್ರ ರುಚಿ ನೋಡಿಯೇ ಹಾಕಿ. ಬೇಕನ್‌ನಲ್ಲೂ ಇದೆ, ಚೀಸ್‌ನಲ್ಲೂ ಇದೆ.

ಕೊನೆಗೆ ಜೋಡಣೆ. ಜಿಡ್ಡು ಸವರಿದ ಪಾತ್ರೆಗೆ ಒಂದು ಪದರ ಆಲೂಗೆಡ್ಡೆ, ಸ್ವಲ್ಪ ಬೇಕನ್, ಮೇಲೆ ಸಾಸ್. ಹೀಗೆ ಎರಡು ಮೂರು ಪದರ ಬರಲಿ. ಬ್ರೆಡ್ಡನ್ನು ಪುಡಿ ಮಾಡಿ, ಎತ್ತಿಟ್ಟ ಆ ಒಂದು ಚಮಚ ಕೊಬ್ಬಿನಲ್ಲಿ ಕಲಸಿ, ಉಳಿದ ಚೀಸ್ ಜೊತೆ ಮೇಲೆ ಉದುರಿಸಿ. ಓಟಿಜಿಯನ್ನು (ಮನೆಯ ಸಣ್ಣ ಎಲೆಕ್ಟ್ರಿಕ್ ಓವನ್) 180 ಡಿಗ್ರಿಗೆ ಕಾಯಿಸಿ 25 ನಿಮಿಷ ಇಡಿ. ಮೇಲ್ಭಾಗ ಕೆಂಪಾಗದಿದ್ದರೆ ಮೇಲಿನ ರಾಡ್ ಒಂದನ್ನೇ ಐದು ನಿಮಿಷ ಹಾಕಿ. ಹೊರಗೆ ತೆಗೆದ ಮೇಲೆ ಹತ್ತು ನಿಮಿಷ ಬಿಟ್ಟು ಬಡಿಸಿ, ಆಗ ತುಂಡು ಹರಿದು ಹೋಗುವುದಿಲ್ಲ.

ಆಲೂಗೆಡ್ಡೆ ವಿಷಯದಲ್ಲಿ ಹಾಸನದವರಿಗೆ ಒಂದು ಅನುಕೂಲವಿದೆ. ಜಲಂಧರ್‌ನಿಂದ ಬಂದ ಬಿತ್ತನೆ ಗೆಡ್ಡೆಯನ್ನು ಮೇ, ಜೂನ್‌ನಲ್ಲಿ ಹಾಕುತ್ತಾರೆ. ಹೆಚ್ಚಿನ ಹೊಲಗಳಲ್ಲಿ ಕುಫ್ರಿ ಜ್ಯೋತಿ ತಳಿ. ಆಗಸ್ಟ್, ಸೆಪ್ಟೆಂಬರ್ ಹೊತ್ತಿಗೆ ಹೊಸ ಗೆಡ್ಡೆ ಸಂತೆಗೆ ಬರುತ್ತದೆ. ಹೊಸದರಲ್ಲಿ ನೀರಿನಂಶ ಜಾಸ್ತಿ, ಬೇಯಿಸಿದರೆ ಬಿಲ್ಲೆ ಒಡೆಯದೆ ನಿಲ್ಲುತ್ತದೆ. ಕೀಳುವಾಗ ಗುದ್ದಲಿ ತಾಗಿ ಗಾಯವಾದ ಗೆಡ್ಡೆ ಅಗ್ಗಕ್ಕೆ ಸಿಕ್ಕರೆ ಧೈರ್ಯವಾಗಿ ತನ್ನಿ. ಗಾಯದ ಜಾಗ ಕೊಯ್ದು ಹಾಕಿ ಅವತ್ತೇ ಬಳಸಿ. ಬಿಸಿಲು ತಾಗಿ ಹಸಿರಾಗಿರುವುದು ಮಾತ್ರ ಬೇಡ. ಅದರಲ್ಲಿ ಸೋಲನಿನ್ ಎನ್ನುವ ವಿಷದ ಅಂಶ ಹೆಚ್ಚಿರುತ್ತದೆ, ಬೇಯಿಸಿದರೂ ಹೋಗುವುದಿಲ್ಲ. ಬೇರೆ ತಿಂಗಳಲ್ಲಿ ಸಿಗುವ ಕೋಲ್ಡ್ ಸ್ಟೋರೇಜ್ ಮಾಲು ಕೆಲವೊಮ್ಮೆ ಸಿಹಿಯಾಗಿರುತ್ತದೆ. ಚಳಿಯಲ್ಲಿಟ್ಟಾಗ ಪಿಷ್ಟ ಸಕ್ಕರೆಯಾಗುವುದೇ ಕಾರಣ. ಅಂಥದ್ದನ್ನು ಒಂದೆರಡು ವಾರ ಮನೆಯಲ್ಲೇ ಕತ್ತಲು ಮೂಲೆಯಲ್ಲಿ ಹರಡಿಟ್ಟರೆ ಸಿಹಿ ಕಡಿಮೆಯಾಗುತ್ತದೆ. ಇದೇ ಕಾರಣಕ್ಕೆ ಆಲೂಗೆಡ್ಡೆಯನ್ನು ಫ್ರಿಜ್‌ನಲ್ಲಿ ಇಡಬೇಡಿ.

ಬೇಕನ್ ಪ್ಯಾಕೆಟ್ ಒಡೆದ ಮೇಲೆ ಉಳಿದದ್ದನ್ನು ಐವತ್ತೈವತ್ತು ಗ್ರಾಂ ಭಾಗ ಮಾಡಿ, ಮಧ್ಯೆ ಬೆಣ್ಣೆ ಕಾಗದ ಇಟ್ಟು ಫ್ರೀಜರ್‌ಗೆ ಹಾಕಿ. ಒಂದು ತಿಂಗಳೊಳಗೆ ಬಳಸಿ. ಒಂದು ಪ್ಯಾಕೆಟ್‌ಗೆ ಎರಡು ಊಟ ಆಗುತ್ತದೆ.

ಪ್ರಶ್ನೆ: ಯಾವ ಚೀಸ್ ತಗೋಬೇಕು? ನಾನು ಮೊಝರೆಲ್ಲಾ ಹಾಕಿದೆ. ಎಳೆ ಎಳೆಯಾಗಿ ಬಂತು, ರುಚಿ ಸಪ್ಪೆ. ಇನ್ನೊಂದು ಸಲ ಸಾಸ್ ಮರಳು ಮರಳಾಯಿತು. – ಅರಸೀಕೆರೆಯ ಓದುಗರು

ಉತ್ತರ: ಮೊಝರೆಲ್ಲಾದ ಗುಣವೇ ಎಳೆ. ರುಚಿ ಅದರಲ್ಲಿ ಮೆದು. ರುಚಿ ಬರಲಿ ಅಂತ ಜಾಸ್ತಿ ಹಾಕುತ್ತಾ ಹೋದರೆ ದುಡ್ಡು ಹೋಗುತ್ತದೆ. ಈ ಅಡುಗೆಗೆ ನಾನು ಹೇಳುವುದು ಸಾದಾ ಪ್ರೊಸೆಸ್ಡ್ ಚೀಸ್. ಅಮುಲ್, ನಂದಿನಿ ಯಾವುದಾದರೂ ಸರಿ. ಅದರಲ್ಲಿ ಕೊಬ್ಬು, ನೀರು ಬೇರೆಯಾಗದಂತೆ ಹಿಡಿದಿಡುವ ಲವಣಗಳನ್ನು ಸೇರಿಸಿರುತ್ತಾರೆ. ಹಾಗಾಗಿ ಸಾಸ್‌ನಲ್ಲಿ ನುಣ್ಣಗೆ ಕರಗುತ್ತದೆ. ಅಮುಲ್ ಕ್ಯೂಬ್ ಒಂದು 25 ಗ್ರಾಂ, ನಾಲ್ಕು ಕ್ಯೂಬ್‌ಗೆ ನಮ್ಮ ಲೆಕ್ಕ ಸರಿಹೋಯಿತು.

ಮರಳಾಗಲು ಕಾರಣ ಬಿಸಿ. ಕುದಿಯುತ್ತಿರುವ ಸಾಸ್‌ಗೆ ಚೀಸ್ ಹಾಕಿದರೆ ಅದರ ಪ್ರೋಟೀನ್ ಗಟ್ಟಿಯಾಗಿ ಜಿಡ್ಡು ಬಿಟ್ಟುಕೊಳ್ಳುತ್ತದೆ. ಒಲೆ ಆರಿಸಿ, ಒಂದು ನಿಮಿಷ ಬಿಟ್ಟು ಹಾಕಿ.

ಅಗ್ಗ ಅಂತ ಏನೋ ಒಂದು ತರುವ ಮುಂಚೆ ಪ್ಯಾಕೆಟ್ ಹಿಂಭಾಗ ಓದಿ. ಪದಾರ್ಥಗಳ ಪಟ್ಟಿಯಲ್ಲಿ ತಾಳೆ ಎಣ್ಣೆ ಅಥವಾ ವೆಜಿಟೆಬಲ್ ಫ್ಯಾಟ್ ಅಂತ ಇದ್ದರೆ ಅಲ್ಲೇ ಬಿಟ್ಟು ಬನ್ನಿ. ಅದಕ್ಕಿಂತ ಒಳ್ಳೆಯ ಚೀಸ್ ಐವತ್ತು ಗ್ರಾಂ ಹಾಕಿದರೂ ರುಚಿ ಚೆನ್ನಾಗಿರುತ್ತದೆ.

ಪ್ರಶ್ನೆ: ಚಿಕ್ಕಮಗಳೂರಿನಲ್ಲಿ ರೂಮ್ ಮಾಡಿಕೊಂಡು ಓದುತ್ತಿದ್ದೇವೆ, ಮೂವರು ಹುಡುಗರು. ಓವನ್ ಇಲ್ಲ. ಗ್ಯಾಸ್ ಒಲೆಯಲ್ಲಿ ಆಗುತ್ತಾ?

ಉತ್ತರ: ಖಂಡಿತ ಆಗುತ್ತದೆ. ಮೇಲಿನ ಕ್ರಮದಲ್ಲಿ ಎಲ್ಲವೂ ಮೊದಲೇ ಬೆಂದಿರುತ್ತದೆ, ನೋಡಿ. ಓವನ್‌ಗೆ ಉಳಿಯುವುದು ಎರಡೇ ಕೆಲಸ: ಒಳಗೆಲ್ಲ ಬಿಸಿ ಮಾಡುವುದು, ಮೇಲೆ ಕೆಂಪಗೆ ಮಾಡುವುದು. ಅಳತೆ ಎಲ್ಲ ಅರ್ಧ ಮಾಡಿಕೊಳ್ಳಿ. ದಪ್ಪ ತಳದ ಪಾತ್ರೆಯಲ್ಲಿ ಜೋಡಿಸಿ, ಮುಚ್ಚಳ ಹಾಕಿ, ಕಾದ ದೋಸೆ ಕಾವಲಿಯ ಮೇಲಿಟ್ಟು ಸಣ್ಣ ಉರಿಯಲ್ಲಿ 20 ನಿಮಿಷ ಬಿಡಿ. ಕಾವಲಿ ಇರುವುದರಿಂದ ತಳ ಹಿಡಿಯುವುದಿಲ್ಲ. ಬ್ರೆಡ್ ಪುಡಿಯನ್ನು ಮಾತ್ರ ಬೇರೆಯಾಗಿ, ಎತ್ತಿಟ್ಟ ಬೇಕನ್ ಕೊಬ್ಬಿನಲ್ಲಿ ಹುರಿದಿಟ್ಟುಕೊಂಡು ತಟ್ಟೆಗೆ ಬಡಿಸಿದ ಮೇಲೆ ಉದುರಿಸಿ. ಮುಚ್ಚಿದ ಪಾತ್ರೆಯಲ್ಲಿ ಮೊದಲೇ ಹಾಕಿದರೆ ಹಬೆಗೆ ಮೆತ್ತಗಾಗುತ್ತದೆ. ಬೇಕರಿಯಲ್ಲಿ ಹಿಂದಿನ ದಿನದ ಬನ್ ಕೇಳಿ, ಕಡಿಮೆಗೆ ಕೊಟ್ಟರೆ ಅದನ್ನೇ ಪುಡಿ ಮಾಡಿ.

ಊರ ಮನೆಯಲ್ಲಿ ಸೌದೆ ಒಲೆ ಇದ್ದರೆ ಇನ್ನೂ ಸುಲಭ. ಚಪ್ಪಟೆ ತಟ್ಟೆ ಮುಚ್ಚಿ ಮೇಲೆ ಕೆಂಡ ಹರಡಿ. ಮೇಲಿನಿಂದಲೂ ಶಾಖ ಬಿದ್ದು ಚೀಸ್ ಕೆಂಪಾಗುತ್ತದೆ.

ಪ್ರಶ್ನೆ: ನಮ್ಮದು ಮೂಡಿಗೆರೆ ಹತ್ತಿರ ಸಣ್ಣ ಹೋಂಸ್ಟೇ. ಇಲ್ಲಿ ಬೇಕನ್ ಸಿಗುವುದು ಕಷ್ಟ, ಹಂದಿ ಮಾಂಸ ಚೆನ್ನಾಗಿ ಸಿಗುತ್ತದೆ. ಅದನ್ನೇ ಮನೆಯಲ್ಲಿ ಬೇಕನ್ ಮಾಡಿಕೊಳ್ಳಬಹುದಾ? ಒಲೆ ಮೇಲೆ ಹೊಗೆಗೆ ತೂಗು ಹಾಕಿದರೆ?

ಉತ್ತರ: ಬೇಕನ್ ಮಾಡುವುದು ಬೇಡ, ಅದರ ಬದಲಿಗೆ ಒಂದು ಮಾಡಬಹುದು. ಅಂಗಡಿಯ ಬೇಕನ್‌ಗೆ ಉಪ್ಪಿನ ಜೊತೆ ನೈಟ್ರೈಟ್ ಎನ್ನುವ ರಾಸಾಯನಿಕ ಲವಣ ಹಾಕಿರುತ್ತಾರೆ. ಬಣ್ಣ ಬರುವುದೂ ಅದರಿಂದ, ಅಪಾಯದ ಬ್ಯಾಕ್ಟೀರಿಯಾ ಬೆಳೆಯದಂತೆ ತಡೆಯುವುದೂ ಅದೇ. ಅದರ ಅಳತೆ ಗ್ರಾಂ ಲೆಕ್ಕದಲ್ಲಿ ತಪ್ಪಿದರೂ ವಿಷ. ಅಡುಗೆಮನೆಯ ತಕ್ಕಡಿ ನಂಬಿ ಕೈ ಹಾಕುವ ಕೆಲಸ ಅದಲ್ಲ. ಮಲೆನಾಡಿನ ಮಳೆಗಾಲದಲ್ಲಿ ಮಾಂಸ ಒಣಗುವುದೂ ಇಲ್ಲ. ಅತಿಥಿಗಳಿಗೆ ಬಡಿಸುವ ಜಾಗದಲ್ಲಿ ಈ ಪ್ರಯೋಗ ಬೇಡ ಅಂತ ಖಡಾಖಂಡಿತವಾಗಿ ಹೇಳುತ್ತೇನೆ.

ಹೀಗೆ ಮಾಡಿ. ಮಾಂಸ, ಕೊಬ್ಬು ಪದರ ಪದರವಾಗಿರುವ ಹೊಟ್ಟೆ ಭಾಗ ಕಾಲು ಕೆಜಿ ಕೇಳಿ ತನ್ನಿ. ಚರ್ಮ ತೆಗೆಸಿ, ತೆಳ್ಳಗೆ ಕೊಯ್ಯಿರಿ. ಒಂದು ಚಿಕ್ಕ ಚಮಚ ಉಪ್ಪು, ಅರ್ಧ ಚಮಚ ಬೆಲ್ಲದ ಪುಡಿ, ಕುಟ್ಟಿದ ಕಾಳುಮೆಣಸು ಸವರಿ ಒಂದು ರಾತ್ರಿ ಫ್ರಿಜ್‌ನಲ್ಲಿಡಿ. ಮಾರನೇ ದಿನ ಸಣ್ಣಗೆ ಕತ್ತರಿಸಿ, ಬೇಕನ್‌ಗೆ ಹೇಳಿದಂತೆಯೇ ಸಣ್ಣ ಉರಿಯಲ್ಲಿ ಕೊಬ್ಬು ಬಿಡಿಸಿ. ಒಳಗೆ ಸ್ವಲ್ಪವೂ ಹಸಿ ಉಳಿಯಬಾರದು. ಹಂದಿ ಮಾಂಸ ಪೂರ್ತಿ ಬೇಯಲೇಬೇಕು, ಲಾಡಿಹುಳುವಿನ ಭಯ ಇರುತ್ತದೆ. ಒಂದು ರಾತ್ರಿ ಉಪ್ಪಿನಲ್ಲಿಟ್ಟ ಮಾತ್ರಕ್ಕೆ ಅದು ಕೆಡದೆ ಉಳಿಯುವ ಮಾಂಸ ಆಗುವುದಿಲ್ಲ. ಮಾರನೇ ದಿನವೇ ಮುಗಿಸಿ.

ಹೊಗೆ ವಾಸನೆ ಬೇಕಾದರೆ ಹುರಿದ ಮಾಂಸದ ಮಧ್ಯೆ ಪುಟ್ಟ ಬಟ್ಟಲಿನಲ್ಲಿ ಒಂದು ಕೆಂಡ ಇಟ್ಟು, ಮೇಲೆ ಎರಡು ಹನಿ ತುಪ್ಪ ಬಿಟ್ಟು ಐದು ನಿಮಿಷ ಗಟ್ಟಿಯಾಗಿ ಮುಚ್ಚಿಡಿ. ಬೇಕನ್‌ನದೇ ರುಚಿ ಅಲ್ಲ, ಆದರೆ ಬಹಳ ಒಳ್ಳೆಯ ರುಚಿ. ಊರಿನ ಮಾಂಸ, ಊರಿನ ಮೆಣಸು, ಊರಿನ ಆಲೂಗೆಡ್ಡೆ ಅಂತ ಅತಿಥಿಗಳಿಗೆ ಹೇಳಿಯೇ ಬಡಿಸಿ. ಬೇಕನ್ ಅಂತ ಮಾತ್ರ ಹೇಳಬೇಡಿ.

ಪ್ರಶ್ನೆ: ಮನೆಯಲ್ಲಿ ಅತ್ತೆ ಹಂದಿ ಮಾಂಸ ಮುಟ್ಟುವುದಿಲ್ಲ. ಅವರಿಗೂ ಕೊಡುವುದು ಹೇಗೆ? ಮತ್ತೆ, ಮಿಕ್ಕಿದ್ದು ಎಷ್ಟು ದಿನ ಇರುತ್ತದೆ? – ಬೇಲೂರಿನ ಓದುಗರು

ಉತ್ತರ: ಅವರದ್ದನ್ನು ಬೇರೆ ಬಾಣಲೆ, ಬೇರೆ ಸೌಟು, ಬೇರೆ ಪಾತ್ರೆಯಲ್ಲಿ ಮೊದಲು ಮಾಡಿ ಮುಗಿಸಿ. ಮೇಲಿಂದ ಬೇಕನ್ ಎತ್ತಿ ಹಾಕಿ ಕೊಟ್ಟರೆ ಆಗುವುದಿಲ್ಲ, ಸಾಸ್‌ನಲ್ಲೇ ಅದರ ಕೊಬ್ಬು ಇದೆ. ಬೆಣ್ಣೆಯಲ್ಲಿ ಸಾಸ್ ಮಾಡಿ. ಬೇಕನ್ ಬದಲು ಅಣಬೆಯನ್ನು ನೀರೆಲ್ಲ ಆರಿ ಕೆಂಪಾಗುವವರೆಗೆ ಹುರಿದು ಹಾಕಿ.

ಮಿಕ್ಕಿದ್ದನ್ನು ಎರಡು ಗಂಟೆಯೊಳಗೆ ಫ್ರಿಜ್‌ಗೆ ಸೇರಿಸಿ. ಮೂರು ದಿನ ಇರುತ್ತದೆ. ಬಿಸಿ ಮಾಡುವಾಗ ಒಂದೆರಡು ಚಮಚ ಹಾಲು ಹಾಕಿ, ಮುಚ್ಚಳ ಮುಚ್ಚಿ, ಮಧ್ಯಭಾಗವೂ ಸುಡುವಷ್ಟು ಬಿಸಿಯಾಗಬೇಕು. ಫ್ರೀಜರ್‌ಗೆ ಹಾಕಬೇಡಿ, ಬೆಂದ ಆಲೂಗೆಡ್ಡೆ ಕರಗಿದಾಗ ನೀರು ಬಿಟ್ಟು ಪುಡಿಪುಡಿಯಾಗುತ್ತದೆ. ಸ್ವಲ್ಪವೇ ಉಳಿದಿದ್ದರೆ ಬೆಳಿಗ್ಗೆ ಕಿವುಚಿ, ಬ್ರೆಡ್ ಪುಡಿ, ಹಸಿಮೆಣಸಿನಕಾಯಿ, ಕೊತ್ತಂಬರಿ ಸೊಪ್ಪು ಸೇರಿಸಿ ಕಟ್ಲೆಟ್ ತಟ್ಟಿ ಕಾವಲಿಯಲ್ಲಿ ಬೇಯಿಸಿ. ಉಪ್ಪು ಹಾಕಬೇಡಿ, ಎಣ್ಣೆ ಒಂದು ಚಮಚ ಸಾಕು.