ಬಡ್ತಿ ಪಡೆದ ತಂಡವನ್ನು ಅದರ ತವರು ಮೈದಾನದಿಂದ ಅಳೆಯಿರಿ

ಮಾನ್ಯರೇ, ಸ್ಕಾಟ್ಲೆಂಡ್‌ನ ಫುಟ್‌ಬಾಲ್ ಲೀಗ್‌ನ ಅಗ್ರ ದರ್ಜೆಗೆ ಹೊಸದಾಗಿ ಬಡ್ತಿ ಪಡೆದ ಕ್ಲಬ್ ಒಂದನ್ನು ಇಡೀ ಋತು ಅನುಸರಿಸಬೇಕೆಂದಿದ್ದೇನೆ, ಅದು ಅಲ್ಲಿ ಉಳಿದೀತೋ ಮತ್ತೆ ಕೆಳಗಿಳಿದೀತೋ ಎಂಬುದನ್ನು ಏನು ನೋಡಿ ತಿಳಿಯಬೇಕು ಎಂದು ನೀವು ಕೇಳಿದ್ದೀರಿ. ಸೆಲ್ಟಿಕ್ ಮತ್ತು ರೇಂಜರ್ಸ್ ವಿರುದ್ಧ ಅದು ಹೇಗೆ ಆಡುತ್ತದೆ ಎಂಬುದೊಂದನ್ನು ಗಮನಿಸಿದರೆ ಸಾಕು ಎಂದು ಗುಂಪಿನ ಇನ್ನೊಬ್ಬ ಸದಸ್ಯರು ಉತ್ತರಿಸಿದ್ದಾರೆ. ಅವರ ಅಭಿಪ್ರಾಯವನ್ನು ಗೌರವಿಸುತ್ತಲೇ, ನಾನು ಅದನ್ನು ಒಪ್ಪುವುದಿಲ್ಲ ಎಂದು ಹೇಳಬೇಕಾಗಿದೆ. ಬಡ್ತಿ ಪಡೆದ ತಂಡದ ಹಣೆಬರಹ ಆ ಎರಡು ದೊಡ್ಡ ತಂಡಗಳ ಎದುರು ನಿರ್ಧಾರವಾಗುವುದು ತೀರಾ ಅಪರೂಪ. ಅದು ತನ್ನ ತವರು ಮೈದಾನದಲ್ಲಿ, ಪಟ್ಟಿಯಲ್ಲಿ ತನ್ನ ಅಕ್ಕಪಕ್ಕದಲ್ಲಿರುವ ತಂಡಗಳ ಎದುರು ನಿರ್ಧಾರವಾಗುತ್ತದೆ. ಈ ಮಾತನ್ನು ನನಗೆ ಮನವರಿಕೆ ಮಾಡಿಕೊಟ್ಟದ್ದು ಇನ್ವರ್ನೆಸ್ ಕ್ಯಾಲೆಡೋನಿಯನ್ ಥಿಸಲ್ ಕ್ಲಬ್‌ನ 2004–05ರ ಋತು. ಆ ವರ್ಷ ಕೆಲಸದ ನಿಮಿತ್ತ ನಾನು ಅಬರ್ಡೀನ್‌ನಲ್ಲಿದ್ದೆನಾದ್ದರಿಂದ ಅದರ ಒಂದಷ್ಟು ಭಾಗವನ್ನು ಕಣ್ಣಾರೆ ನೋಡಿದ್ದೇನೆ.

ಮೊದಲು ಆ ಕ್ಲಬ್‌ನ ಹಿನ್ನೆಲೆಯನ್ನು ಹೇಳಿಬಿಡುತ್ತೇನೆ. ಇನ್ವರ್ನೆಸ್ ಊರಿನ ಕ್ಯಾಲೆಡೋನಿಯನ್ ಮತ್ತು ಇನ್ವರ್ನೆಸ್ ಥಿಸಲ್ ಎಂಬ ಎರಡು ಹಳೆಯ ಕ್ಲಬ್‌ಗಳು, ಎರಡೂ ಕಡೆಯ ಅಭಿಮಾನಿಗಳಲ್ಲಿ ಬಹಳಷ್ಟು ಮಂದಿಗೆ ಇಷ್ಟವಿಲ್ಲದಿದ್ದರೂ, 1994ರಲ್ಲಿ ಒಂದಾಗಿ ಸ್ಕಾಟಿಷ್ ಲೀಗ್‌ನ ನಾಲ್ಕನೆಯ ದರ್ಜೆಗೆ ಸೇರಿದವು. ಹತ್ತೇ ವರ್ಷಗಳಲ್ಲಿ, 2004ರ ಮೇ ತಿಂಗಳ ಕೊನೆಯ ಪಂದ್ಯದಲ್ಲಿ ಸೇಂಟ್ ಜಾನ್‌ಸ್ಟನ್ ತಂಡವನ್ನು 3-1ರಿಂದ ಮಣಿಸಿ, ಜಾನ್ ರಾಬರ್ಟ್‌ಸನ್ ಅವರ ಮಾರ್ಗದರ್ಶನದಲ್ಲಿದ್ದ ಈ ತಂಡ ಎರಡನೆಯ ದರ್ಜೆಯ ಪ್ರಶಸ್ತಿಯನ್ನು ಗೆದ್ದಿತು. ಆದರೆ ಗೆದ್ದ ಮಾತ್ರಕ್ಕೆ ಮೇಲೇರುವಂತಿರಲಿಲ್ಲ. ಅಗ್ರ ದರ್ಜೆಯಲ್ಲಿ ಆಡುವ ಪ್ರತಿ ಕ್ಲಬ್‌ಗೂ 10,000 ಆಸನಗಳ ಕ್ರೀಡಾಂಗಣ ಇರಲೇಬೇಕು ಎಂಬ ನಿಯಮ ಆಗ ಜಾರಿಯಲ್ಲಿತ್ತು. ಇದೇ ನಿಯಮದ ಕಾರಣಕ್ಕೆ ಅದರ ಹಿಂದಿನ ವರ್ಷ, ಅಂದರೆ 2003ರಲ್ಲಿ, ಎರಡನೆಯ ದರ್ಜೆಯನ್ನು ಗೆದ್ದಿದ್ದ ಫಾಲ್ಕರ್ಕ್ ತಂಡಕ್ಕೆ ಬಡ್ತಿ ನಿರಾಕರಿಸಲಾಗಿತ್ತು. ಪಟ್ಟಿಯ ತಳದಲ್ಲಿದ್ದ ಮದರ್‌ವೆಲ್ ಅದರಿಂದಾಗಿ ಬಚಾವಾಯಿತು. ಮೈದಾನದಲ್ಲಿ ಗೆದ್ದದ್ದನ್ನು ಕುರ್ಚಿಗಳ ಲೆಕ್ಕದಲ್ಲಿ ಕಳೆದುಕೊಳ್ಳುವುದು ಎಂಥ ಅನ್ಯಾಯ ಎಂದು ನನಗೆ ಇಂದಿಗೂ ಅನ್ನಿಸುತ್ತದೆ.

ಇನ್ವರ್ನೆಸ್‌ನ ಸ್ವಂತ ಕ್ರೀಡಾಂಗಣ ಮೋರೆ ಕೊಲ್ಲಿಯ ದಡದಲ್ಲಿ, ಕೆಸಕ್ ಸೇತುವೆಯ ಪಕ್ಕದಲ್ಲಿದೆ. 1996ರಲ್ಲಿ ಆರಂಭವಾದ ಆ ಅಂಗಣದಲ್ಲಿ ನಿಯಮಕ್ಕೆ ಬೇಕಾದಷ್ಟು ಆಸನಗಳಿರಲಿಲ್ಲ. ಹೀಗಾಗಿ ಅಬರ್ಡೀನ್ ಕ್ಲಬ್‌ನ ಪಿಟೊಡ್ರಿ ಕ್ರೀಡಾಂಗಣವನ್ನು ಹಂಚಿಕೊಂಡು ಆಡುವುದಾಗಿ ಅವರು ಕೋರಿಕೊಂಡರು. ಅಗ್ರ ದರ್ಜೆಯ ಕ್ಲಬ್‌ಗಳು ಮೊದಲ ಸಲ ಮತ ಹಾಕಿದಾಗ ಅಗತ್ಯ ಬೆಂಬಲ ಸಿಗಲಿಲ್ಲ, ಮತ್ತೊಮ್ಮೆ ಮತಕ್ಕೆ ಹಾಕಿದಾಗ ಒಪ್ಪಿಗೆ ಸಿಕ್ಕಿತು, ಪಾರ್ಟಿಕ್ ಥಿಸಲ್ ಕೆಳಗಿಳಿಯಿತು. ಹೊಸದಾಗಿ ಬಂದ ತಂಡವೊಂದು ಆಟಗಾರರನ್ನು ಸೇರಿಸಿಕೊಳ್ಳಬೇಕಾದ ಹೊತ್ತಿನಲ್ಲಿ ತಾನು ಯಾವ ದರ್ಜೆಯಲ್ಲಿ ಆಡುತ್ತೇನೆ ಎಂಬುದೇ ಗೊತ್ತಿಲ್ಲದೆ ಕಾಯುತ್ತಿತ್ತು ಎಂಬುದನ್ನು ಗಮನದಲ್ಲಿಟ್ಟುಕೊಳ್ಳಿ.

ಇನ್ವರ್ನೆಸ್‌ನಿಂದ ಅಬರ್ಡೀನ್‌ಗೆ ಸುಮಾರು 170 ಕಿಲೋಮೀಟರ್. ನೇರ್ನ್, ಫಾರೆಸ್, ಎಲ್ಗಿನ್, ಹಂಟ್ಲಿ ಊರುಗಳನ್ನು ಹಾದು ಬರುವ ಆ ರಸ್ತೆಯ ಬಹುಭಾಗ ಇಬ್ಬದಿಯ ವಾಹನಗಳೂ ಒಂದೇ ಹಾದಿಯಲ್ಲಿ ಓಡಾಡುವಂಥದ್ದು. ಮುಂದೆ ಒಂದು ಟ್ರ್ಯಾಕ್ಟರ್ ಸಿಕ್ಕಿತೆಂದರೆ ಅದರ ಹಿಂದೆಯೇ ಸಾಗಬೇಕು. ತಮ್ಮದೇ ತಂಡದ ‘ತವರು’ ಪಂದ್ಯ ನೋಡಲು ಅಭಿಮಾನಿಗಳು ಎರಡು ವಾರಕ್ಕೊಮ್ಮೆ ಇಷ್ಟು ದೂರ ಬಂದು, ರಾತ್ರಿ ಅಷ್ಟೇ ದೂರ ವಾಪಸು ಹೋಗುತ್ತಿದ್ದರು. ಆ ಶರತ್ಕಾಲದ ಒಂದು ಶನಿವಾರ ನಾನು ಪಿಟೊಡ್ರಿಗೆ ಹೋಗಿದ್ದೆ. ಸುಮಾರು 22,000 ಮಂದಿ ಕೂರಬಹುದಾದ ಅಂಗಣದಲ್ಲಿ ಇನ್ವರ್ನೆಸ್‌ನವರು ಒಂದೇ ಪಾರ್ಶ್ವದಲ್ಲಿ ಒತ್ತಾಗಿ ಕುಳಿತಿದ್ದರು, ಉಳಿದೆಡೆ ಖಾಲಿ ಕುರ್ಚಿಗಳ ಸಾಲು. ನನ್ನ ಪಕ್ಕದಲ್ಲಿದ್ದ ವೃದ್ಧ ದಂಪತಿ ಫ್ಲಾಸ್ಕಿನ ಚಹಾವನ್ನು ಒಂದೇ ಮುಚ್ಚಳದಲ್ಲಿ ಸರದಿಯಂತೆ ಕುಡಿಯುತ್ತಿದ್ದರು. ಉತ್ತರ ಸಮುದ್ರದ ಗಾಳಿ ಬೀಸುತ್ತಿದ್ದ ಆ ನಿಶ್ಶಬ್ದದಲ್ಲಿ ಗೋಲ್‌ಕೀಪರ್ ತನ್ನ ರಕ್ಷಣಾ ಆಟಗಾರರನ್ನು ಕೂಗಿ ಕರೆಯುವುದು ಮೇಲಿನ ಸಾಲಿನವರೆಗೂ ಸ್ಪಷ್ಟವಾಗಿ ಕೇಳುತ್ತಿತ್ತು. ಅದನ್ನು ತವರಿನ ಪಂದ್ಯ ಎಂದು ಪಟ್ಟಿಯಲ್ಲಿ ಬರೆದಿದ್ದರೂ ಅದು ಎಲ್ಲರಿಗೂ ಪರಸ್ಥಳದ ಪಂದ್ಯವೇ ಆಗಿತ್ತು.

ಇದರ ನಡುವೆ ನವೆಂಬರ್‌ನಲ್ಲಿ ರಾಬರ್ಟ್‌ಸನ್ ಅವರು ಹಾರ್ಟ್ಸ್ ಕ್ಲಬ್‌ಗೆ ಹೊರಟುಹೋದರು. ಅವರ ಜಾಗಕ್ಕೆ ಡನ್‌ಫರ್ಮ್ಲಿನ್ ತಂಡದಲ್ಲಿ ಆಡುತ್ತಿದ್ದ ಕ್ರೇಗ್ ಬ್ರೂಸ್ಟರ್ ಅವರು ಮ್ಯಾನೇಜರ್ ಆಗಿಯೂ ಆಟಗಾರನಾಗಿಯೂ ಬಂದರು. ಬಡ್ತಿ ತಂದುಕೊಟ್ಟ ಮ್ಯಾನೇಜರ್ ಋತುವಿನ ಮಧ್ಯದಲ್ಲಿ ಹೋದರೆ ತಂಡ ಕುಸಿಯುತ್ತದೆ ಎಂದು ಸಾಮಾನ್ಯವಾಗಿ ಹೇಳುತ್ತಾರೆ. ಇಲ್ಲಿ ಹಾಗಾಗಲಿಲ್ಲ, ಏಕೆಂದರೆ ಅದೇ ಚಳಿಗಾಲದಲ್ಲಿ ಇನ್ನೊಂದು ಕೆಲಸ ಸದ್ದಿಲ್ಲದೆ ನಡೆಯುತ್ತಿತ್ತು. ಆಸನಗಳ ನಿಯಮವನ್ನು 10,000ದಿಂದ 6,000ಕ್ಕೆ ಇಳಿಸಲಾಯಿತು. ಕ್ಲಬ್ ತನ್ನ ಅಂಗಣದ ಎರಡೂ ಗೋಲುಗಳ ಹಿಂದೆ ಹೊಸ ಸ್ಟ್ಯಾಂಡ್‌ಗಳನ್ನು ಕೇವಲ 47 ದಿನಗಳಲ್ಲಿ ಕಟ್ಟಿಸಿತು. 2005ರ ಜನವರಿ 29ರಂದು, ಬ್ರೂಸ್ಟರ್ ಅವರು ಬಿಟ್ಟುಬಂದಿದ್ದ ಅದೇ ಡನ್‌ಫರ್ಮ್ಲಿನ್ ವಿರುದ್ಧ, ಇನ್ವರ್ನೆಸ್ ತನ್ನ ಊರಿನಲ್ಲಿ ಅಗ್ರ ದರ್ಜೆಯ ಮೊದಲ ಪಂದ್ಯವನ್ನು ಆಡಿ 2-0ರಿಂದ ಗೆದ್ದಿತು. ಅಂದು ನಾನು ಅಬರ್ಡೀನ್‌ನಿಂದ ರೈಲಿನಲ್ಲಿ ಹೋಗಿದ್ದೆ. ನಿಲ್ದಾಣದಿಂದ ಅಂಗಣದವರೆಗೆ ನಡೆದುಕೊಂಡು ಹೋಗುವಾಗ ಮಕ್ಕಳ ಕೈಹಿಡಿದು ಹೊರಟಿದ್ದ ಊರಿನವರನ್ನು ನೋಡಿ, ಈ ತಂಡ ಇನ್ನು ಬೀಳುವುದಿಲ್ಲ ಎಂದು ನನಗೆ ಅನ್ನಿಸಿತ್ತು. ಅದು ಬರೀ ಭಾವುಕತೆ ಆಗಿರಲಿಲ್ಲ ಎಂಬುದನ್ನು ಋತುವಿನ ಕೊನೆಯ ಪಟ್ಟಿ ತೋರಿಸುತ್ತದೆ.

ಆ ಪಟ್ಟಿಯನ್ನು ಓದುವ ಬಗೆಯನ್ನು ಈಗ ಹೇಳುತ್ತೇನೆ, ಏಕೆಂದರೆ ಸ್ಕಾಟ್ಲೆಂಡ್‌ನ ಪಟ್ಟಿ ಇಂಗ್ಲೆಂಡ್‌ನದರಂತೆ ನೇರವಾಗಿಲ್ಲ. ಹನ್ನೆರಡು ತಂಡಗಳು ತಲಾ 33 ಪಂದ್ಯ ಆಡಿದ ಮೇಲೆ ಪಟ್ಟಿಯನ್ನು ಮೇಲಿನ ಆರು, ಕೆಳಗಿನ ಆರು ಎಂದು ಇಬ್ಭಾಗ ಮಾಡುತ್ತಾರೆ. ಅಲ್ಲಿಂದ ಮುಂದೆ ಪ್ರತಿ ತಂಡವೂ ತನ್ನ ಗುಂಪಿನೊಳಗೆ ಮಾತ್ರ ಇನ್ನೂ ಐದು ಪಂದ್ಯ ಆಡುತ್ತದೆ. ಕೆಳಗಿನ ಗುಂಪಿನ ತಂಡ ಎಷ್ಟೇ ಗೆದ್ದರೂ ಏಳನೆಯ ಸ್ಥಾನದಿಂದ ಮೇಲೆ ಹೋಗಲಾರದು. 2004–05ರಲ್ಲಿ ಕಿಲ್ಮಾರ್ನಕ್ 49 ಪಾಯಿಂಟ್ ಗಳಿಸಿಯೂ ಏಳನೆಯದಾಗಿ, ಮದರ್‌ವೆಲ್ 46 ಪಾಯಿಂಟ್‌ಗಳಿಂದಲೇ ಆರನೆಯದಾಗಿ ಮುಗಿಸಿದ್ದು ಇದೇ ಕಾರಣಕ್ಕೆ. ಆದ್ದರಿಂದ ಸ್ಥಾನದ ಸಂಖ್ಯೆಯನ್ನು ನೋಡಬೇಡಿ, ಅಂತರವನ್ನು ನೋಡಿ. ಇನ್ವರ್ನೆಸ್ 44 ಪಾಯಿಂಟ್‌ಗಳೊಂದಿಗೆ ಎಂಟನೆಯ ಸ್ಥಾನ ಪಡೆಯಿತು. ಅದರ ಕೆಳಗೆ ಡಂಡಿ ಯುನೈಟೆಡ್ 36, ಲಿವಿಂಗ್‌ಸ್ಟನ್ 35, ಡನ್‌ಫರ್ಮ್ಲಿನ್ 34, ಕೊನೆಯಲ್ಲಿ ಕೆಳಗಿಳಿದ ಡಂಡಿ 33. ನಾಲ್ಕು ತಂಡಗಳು ಮೂರೇ ಪಾಯಿಂಟ್‌ಗಳ ಅಂತರದಲ್ಲಿ ಉಸಿರು ಬಿಗಿಹಿಡಿದಿದ್ದಾಗ, ಅರ್ಧ ಋತುವನ್ನು ಪರಊರಿನಲ್ಲಿ ಕಳೆದ ಹೊಸ ತಂಡ ಅವುಗಳಿಗಿಂತ ಎಂಟು ಪಾಯಿಂಟ್ ಮೇಲೆ ನಿಶ್ಚಿಂತೆಯಿಂದ ನಿಂತಿತ್ತು. ಎಂಟನೆಯ ಸ್ಥಾನ ಎಂಬ ಮಾತು ಇದನ್ನು ಹೇಳುವುದೇ ಇಲ್ಲ.

ಇದಕ್ಕೆ ತದ್ವಿರುದ್ಧವಾದ ಉದಾಹರಣೆ ಗ್ರೆಟ್ನಾ. ಇಂಗ್ಲೆಂಡ್ ಗಡಿಯ ಈ ಪುಟ್ಟ ಊರಿನ ತಂಡ ಮಾಲೀಕ ಬ್ರೂಕ್ಸ್ ಮೈಲ್ಸನ್ ಅವರ ಹಣದ ಬಲದಿಂದ ಸಾಲಾಗಿ ಮೂರು ಬಡ್ತಿ ಪಡೆದು 2007ರಲ್ಲಿ ಅಗ್ರ ದರ್ಜೆಗೆ ಬಂದಿತು. ಅದರ ಅಂಗಣವೂ ನಿಯಮಕ್ಕೆ ಸಾಲದೆ, ತವರು ಪಂದ್ಯಗಳನ್ನು ಮದರ್‌ವೆಲ್‌ನಲ್ಲಿ ಆಡಬೇಕಾಯಿತು. ಇನ್ವರ್ನೆಸ್‌ನಂತೆ ಊರಿಗೆ ಮರಳುವ ದಿನ ಅದಕ್ಕೆ ಬರಲೇ ಇಲ್ಲ. ಮೈಲ್ಸನ್ ಅವರ ಆರೋಗ್ಯ ಕೆಟ್ಟಿತು, ಹಣ ನಿಂತಿತು, 2008ರ ಮಾರ್ಚ್‌ನಲ್ಲಿ ಕ್ಲಬ್ ದಿವಾಳಿಯ ಅಂಚಿಗೆ ಬಂದು ಹತ್ತು ಪಾಯಿಂಟ್ ಕಡಿತದ ಶಿಕ್ಷೆ ಅನುಭವಿಸಿತು. ಆ ವರ್ಷದ ಏಪ್ರಿಲ್‌ನಲ್ಲಿ ಅದರ ಒಂದು ತವರು ಪಂದ್ಯಕ್ಕೆ ಬಂದವರು 431 ಮಂದಿ. ಎದುರಾಳಿ ಬೇರಾರೂ ಅಲ್ಲ, ಇನ್ವರ್ನೆಸ್. 13 ಪಾಯಿಂಟ್‌ಗಳೊಂದಿಗೆ ಕೊನೆಯ ಸ್ಥಾನಕ್ಕಿಳಿದ ಗ್ರೆಟ್ನಾ ಕೊನೆಯ ಪಂದ್ಯದಲ್ಲಿ ಹಾರ್ಟ್ಸ್ ಅನ್ನು 1-0ರಿಂದ ಸೋಲಿಸಿತು. ಕೆಲವೇ ತಿಂಗಳುಗಳಲ್ಲಿ ಆ ಕ್ಲಬ್ಬೇ ಇಲ್ಲವಾಯಿತು. ಆ ಆಟಗಾರರನ್ನು ನೆನೆದರೆ ಈಗಲೂ ಸಂಕಟವಾಗುತ್ತದೆ.

ಇನ್ವರ್ನೆಸ್‌ನ ನೆರೆಯ ರಾಸ್ ಕೌಂಟಿ ಕ್ಲಬ್‌ನ ಅಗ್ರ ದರ್ಜೆಯ ಮೊದಲ ಋತು ನಿಮ್ಮ ಪ್ರಶ್ನೆಗೆ ಇನ್ನೂ ಹತ್ತಿರದ್ದು. ಐದಾರು ಸಾವಿರ ಜನರಿರುವ ಡಿಂಗ್ವಾಲ್ ಊರಿನ ಈ ಕ್ಲಬ್ 2012–13ರಲ್ಲಿ ಮೊದಲ ದಿನದಿಂದಲೇ ತನ್ನದೇ ವಿಕ್ಟೋರಿಯಾ ಪಾರ್ಕ್‌ನಲ್ಲಿ ಆಡಿತು. 2013ರ ಮಾರ್ಚ್‌ನಲ್ಲಿ ಸೆಲ್ಟಿಕ್ ಎದುರು ಎರಡು ಗೋಲು ಹಿಂದಿದ್ದು, ಸ್ಟೆಫೆನ್ ವೋಲ್‌ಫಾರ್ತ್ ಕೊನೆಯ ಗಳಿಗೆಯಲ್ಲಿ ಹೊಡೆದ ಗೋಲಿನಿಂದ 3-2ರಿಂದ ಗೆದ್ದದ್ದನ್ನೇ ಎಲ್ಲರೂ ನೆನೆಯುತ್ತಾರೆ. ನಾನು ನೋಡುವುದು ಬೇರೆ ಅಂಕಿಯನ್ನು: 38 ಪಂದ್ಯಗಳಲ್ಲಿ 13 ಗೆಲುವು, 14 ಡ್ರಾ, 11 ಸೋಲು, ಒಟ್ಟು 53 ಪಾಯಿಂಟ್, ಐದನೆಯ ಸ್ಥಾನ. ಸೆಲ್ಟಿಕ್ ವಿರುದ್ಧದ ಆ ಗೆಲುವು ಕೊಟ್ಟದ್ದು ಮೂರು ಪಾಯಿಂಟ್. ಸೋಲದೆ ಉಳಿಸಿಕೊಂಡ ಆ ಡ್ರಾಗಳು ಕೊಟ್ಟದ್ದು ಹದಿನಾಲ್ಕು.

ಆದ್ದರಿಂದ ನೀವು ಮಾಡಬೇಕಾದದ್ದು ಇಷ್ಟು. ವೇಳಾಪಟ್ಟಿ ಬಂದ ಕೂಡಲೇ ಒಂದು ನೋಟ್‌ಬುಕ್ಕಿನಲ್ಲಿ, ಕಳೆದ ಋತುವಿನಲ್ಲಿ ಕೆಳಗಿನ ಆರರಲ್ಲಿ ಮುಗಿಸಿದ ತಂಡಗಳ ವಿರುದ್ಧ ನಿಮ್ಮ ತಂಡ ತವರಿನಲ್ಲಿ ಆಡುವ ಪಂದ್ಯಗಳನ್ನು ಗುರುತು ಮಾಡಿಕೊಳ್ಳಿ, ಸೆಲ್ಟಿಕ್ ಮತ್ತು ರೇಂಜರ್ಸ್ ಪಂದ್ಯಗಳನ್ನು ಸಂತೋಷಕ್ಕಾಗಿ ನೋಡಿ, ಲೆಕ್ಕಕ್ಕೆ ಸೇರಿಸಬೇಡಿ. ಗುರುತು ಮಾಡಿದ ಪಂದ್ಯಗಳಲ್ಲಿ ತಂಡ ಸೋಲದಿದ್ದರೆ ಆಗಸ್ಟ್‌ನ ಸಾಲು ಸೋಲುಗಳಿಗೆ ಕಂಗೆಡಬೇಕಾಗಿಲ್ಲ. 33 ಪಂದ್ಯಗಳ ನಂತರ ಉಳಿದ ಐದರಲ್ಲಿ ತವರಿನಲ್ಲಿ ಎರಡು ಬಂದಿವೆಯೋ ಮೂರು ಬಂದಿವೆಯೋ ನೋಡಿ, ಎಲ್ಲರಿಗೂ ಮೂರು ಸಿಗುವುದಿಲ್ಲ. 2004–05ರಲ್ಲಿ ಕೊನೆಯ ಒಂದು ತಂಡ ಮಾತ್ರ ಇಳಿಯುತ್ತಿತ್ತು. 2013–14ರಿಂದ ಹನ್ನೊಂದನೆಯ ತಂಡವೂ ಕೆಳದರ್ಜೆಯ ತಂಡದೊಡನೆ ಪ್ಲೇಆಫ್ ಆಡಬೇಕು, ಆದ್ದರಿಂದ ಹತ್ತನೆಯ ಸ್ಥಾನವನ್ನೇ ಗಡಿ ಎಂದು ಇಟ್ಟುಕೊಳ್ಳಿ. ಅಲ್ಲಿನ ಶನಿವಾರ ಮಧ್ಯಾಹ್ನ ಮೂರರ ಪಂದ್ಯ ನಮಗೆ ಬೇಸಿಗೆ ವೇಳೆಯಲ್ಲಿ ರಾತ್ರಿ 7.30ಕ್ಕೆ, ಅಕ್ಟೋಬರ್ ಕೊನೆಯ ಭಾನುವಾರ ಅವರ ಗಡಿಯಾರ ಬದಲಾದ ಮೇಲೆ 8.30ಕ್ಕೆ ಆರಂಭವಾಗುತ್ತದೆ.