ತಾನು ಲೆಸ್ಬಿಯನ್ ಎಂದು ಹೇಳಿಕೊಂಡವಳಿಗೆ ಡೈರೆಕ್ಷನ್‌ನಲ್ಲಿ ಬದುಕು ಉಂಟೇ?

ನೀವು ಕೇಳಿದ್ದು ಇಷ್ಟು: ತಾನು ಲೆಸ್ಬಿಯನ್ ಎಂಬುದನ್ನು ಬಚ್ಚಿಡದೆ ಸಿನಿಮಾ, ಟೀವಿ ಎರಡರಲ್ಲೂ ಡೈರೆಕ್ಟರ್ ಆಗಿ ದುಡಿದವರು ಯಾರಾದರೂ ಇದ್ದಾರಾ, ಇದ್ದರೆ ಅಮ್ಮನಿಗೆ ತೋರಿಸಲು ಒಂದು ಹೆಸರು ಬೇಕು ಅಂತ. ಹೆಸರು ಕೊಡುತ್ತೇನೆ: ಶೆರಿಲ್ ಡುನ್ಯೆ. ಆದರೆ ಅಮ್ಮನಿಗೆ ತೋರಿಸುವ ಮೊದಲು ನೀವು ಪೂರ್ತಿ ಕೇಳಿಸಿಕೊಳ್ಳಿ. ಈ ಕಥೆಯ ನಡುವೆ ದೊಡ್ಡದೊಂದು ಹಳ್ಳ ಇದೆ. ಅದನ್ನು ಮುಚ್ಚಿಟ್ಟು ಹೇಳಿದರೆ ನಿಮಗೆ ಮೋಸ ಮಾಡಿದಂತೆ.

ಡುನ್ಯೆ ಹುಟ್ಟಿದ್ದು 1966ರಲ್ಲಿ, ಲೈಬೀರಿಯಾದ ಮನ್ರೋವಿಯಾದಲ್ಲಿ. ಬೆಳೆದದ್ದು ಅಮೆರಿಕದ ಫಿಲಡೆಲ್ಫಿಯಾದಲ್ಲಿ. ಟೆಂಪಲ್ ಮತ್ತು ರಟ್ಗರ್ಸ್ ವಿಶ್ವವಿದ್ಯಾಲಯಗಳಲ್ಲಿ ಓದಿ, ತೊಂಬತ್ತರ ದಶಕದ ಆರಂಭದಲ್ಲಿ ಕೈಗೆ ಸಿಕ್ಕ ಕ್ಯಾಮೆರಾದಲ್ಲಿ ಸಣ್ಣ ಸಣ್ಣ ಚಿತ್ರ ಮಾಡತೊಡಗಿದರು. ತಾವೇ ಕ್ಯಾಮೆರಾ ಮುಂದೆ ಕೂತು, ನೆರೆಮನೆಯವರ ಹತ್ತಿರ ಮಾತಾಡುವಂತೆ ನಮ್ಮ ಹತ್ತಿರ ಮಾತಾಡುತ್ತಾರೆ. ಯಾವುದು ನಡೆದದ್ದು, ಯಾವುದು ಕಟ್ಟಿದ್ದು ಎಂದು ಬಿಡಿಸಿ ಹೇಳುವುದಿಲ್ಲ. ಅವರ ಹೆಸರಿನ ಮೇಲೆಯೇ ಇವಕ್ಕೆ 'ಡುನ್ಯೆಮೆಂಟರಿ' ಎಂದು ಹೆಸರು ಬಿತ್ತು.

1996ರಲ್ಲಿ ಬಂದ ಮೊದಲ ಫೀಚರ್ 'ದ ವಾಟರ್‌ಮೆಲನ್ ವುಮನ್' ಕೂಡ ಇದೇ ಜಾಡಿನದು. ಕಪ್ಪು ಲೆಸ್ಬಿಯನ್ ಮಹಿಳೆಯೊಬ್ಬಳು ನಿರ್ದೇಶಿಸಿದ ಮೊದಲ ಫೀಚರ್ ಚಿತ್ರ ಎಂದು ಇದನ್ನು ಲೆಕ್ಕ ಹಾಕುತ್ತಾರೆ. ಬಜೆಟ್ ಸುಮಾರು 3 ಲಕ್ಷ ಡಾಲರ್. ನಾಯಕಿಯ ಹೆಸರೂ ಶೆರಿಲ್, ಪಾತ್ರ ಮಾಡಿದ್ದೂ ಡುನ್ಯೆಯೇ. ವಿಡಿಯೋ ಕ್ಯಾಸೆಟ್ ಅಂಗಡಿಯಲ್ಲಿ ಕೆಲಸ, ಬಿಡುವಿದ್ದಾಗ ಗೆಳತಿಯ ಜೊತೆ ಮದುವೆ ವಿಡಿಯೋ ತೆಗೆಯುವುದು. 1930ರ ದಶಕದ ಒಂದು ಚಿತ್ರದಲ್ಲಿ ಕೆಲಸದಾಕೆಯ ಪಾತ್ರ ಮಾಡಿದ ಕಪ್ಪು ನಟಿಯೊಬ್ಬಳನ್ನು ಈ ಹುಡುಗಿ ನೋಡುತ್ತಾಳೆ. ಟೈಟಲ್ ಕಾರ್ಡಿನಲ್ಲಿ ಆ ನಟಿಗೆ ಸ್ವಂತ ಹೆಸರಿಲ್ಲ, ಬರೀ 'ವಾಟರ್‌ಮೆಲನ್ ವುಮನ್', ಅಂದರೆ ಕಲ್ಲಂಗಡಿ ಹೆಂಗಸು. ಯಾರಿವಳು ಎಂದು ಹುಡುಕಿಕೊಂಡು ಹೋಗುವುದೇ ಸಿನಿಮಾ. ಒಂದು ಕಡೆ ಶೆರಿಲ್ ತಲೆಗೆ ಬಟ್ಟೆ ಕಟ್ಟಿಕೊಂಡು, ಟೀವಿಯಲ್ಲಿ ಆ ಹಳೆಯ ದೃಶ್ಯ ಓಡುತ್ತಿರುವಾಗಲೇ ಪಕ್ಕದಲ್ಲಿ ತುಟಿ ಕುಣಿಸುತ್ತಾಳೆ. ನಗು ಬರುತ್ತದೆ, ಮರುಕ್ಷಣ ನಕ್ಕದ್ದಕ್ಕೆ ಕಸಿವಿಸಿ ಆಗುತ್ತದೆ. ಇನ್ನೊಂದು ಕಡೆ ಅವಳ ಕೈಯಲ್ಲಿ ಕ್ಯಾಮೆರಾ ಕಂಡ ಪೊಲೀಸರು ಕದ್ದ ಮಾಲು ಎಂದೇ ತಡೆದು ನಿಲ್ಲಿಸುತ್ತಾರೆ.

(ಸಿನಿಮಾದ ಗುಟ್ಟು ಗೊತ್ತಾಗುವುದು ಬೇಡ ಎನ್ನುವವರು ಮುಂದಿನ ಪ್ಯಾರಾವನ್ನೂ ಕೊನೆಯದನ್ನೂ ಬಿಟ್ಟು ಓದಿ.)

ಅಂಥ ನಟಿ ಇರಲೇ ಇಲ್ಲ. ಹಳೆಯ ಕಪ್ಪು ನಟಿಯರ ಬಗ್ಗೆ ಡುನ್ಯೆ ನಿಜವಾಗಿಯೂ ಹುಡುಕಿದ್ದರು, ಅಮೆರಿಕದ ರಾಷ್ಟ್ರೀಯ ಗ್ರಂಥಾಲಯವೇ ಆದ ಲೈಬ್ರರಿ ಆಫ್ ಕಾಂಗ್ರೆಸ್ಸಿನಲ್ಲೂ. ಬೇಕಾದದ್ದು ಸಿಗಲಿಲ್ಲ, ಅಲ್ಲಿಂದ ದುಡ್ಡು ಕೊಟ್ಟು ತರುವ ಶಕ್ತಿಯೂ ಇರಲಿಲ್ಲ. ಹಾಗಾಗಿ ಫೋಟೋಗ್ರಾಫರ್ ಝೋಯಿ ಲೆನರ್ಡ್ ಜೊತೆ ಸೇರಿ ಫೇ ರಿಚರ್ಡ್ಸ್ ಎಂಬ ಹೆಣ್ಣಿನ ಇಡೀ ಬದುಕನ್ನೇ ಸೃಷ್ಟಿಸಿದರು. ವೇಷ ಹಾಕಿಸಿ, ಹಳೆಯ ಕಾಲದ ಬೆಳಕು ಕೊಟ್ಟು ತೆಗೆದದ್ದು 82 ಫೋಟೋ. ತಮಾಷೆ ಗೊತ್ತಾ? 2021ರಲ್ಲಿ ಅದೇ ಲೈಬ್ರರಿ ಆಫ್ ಕಾಂಗ್ರೆಸ್ ಈ ಚಿತ್ರವನ್ನು ಕಾಪಾಡಬೇಕಾದ ಚಿತ್ರಗಳ ರಾಷ್ಟ್ರೀಯ ಪಟ್ಟಿಗೆ ಸೇರಿಸಿಕೊಂಡಿತು.

ಬಿಡುಗಡೆಯ ಹೊತ್ತಿನಲ್ಲಿ ಮಾತ್ರ ಇಷ್ಟು ಮರ್ಯಾದೆ ಇರಲಿಲ್ಲ. ಬರ್ಲಿನ್ ಚಿತ್ರೋತ್ಸವದಲ್ಲಿ ಎಲ್‌ಜಿಬಿಟಿ ಚಿತ್ರಗಳಿಗೆ ಕೊಡುವ ಟೆಡ್ಡಿ ಪ್ರಶಸ್ತಿ ಬಂತು, ನಿಜ. ಆದರೆ ಚಿತ್ರಕ್ಕೆ ಸರ್ಕಾರಿ ಕಲಾನಿಧಿಯಿಂದ 31,500 ಡಾಲರ್ ಸಿಕ್ಕಿತ್ತು, ಅದನ್ನು ಹಿಡಿದುಕೊಂಡು ಪೀಟ್ ಹುಕ್‌ಸ್ಟ್ರಾ ಎಂಬ ರಿಪಬ್ಲಿಕನ್ ಸಂಸದ ತಕರಾರು ತೆಗೆದರು. ತೆರಿಗೆ ಕಟ್ಟುವವರ ದುಡ್ಡು ಇಂಥದ್ದಕ್ಕಾ ಎಂಬ ಹಳೇ ರಾಗ. ಎಬ್ಬಿಸಿದ ಗದ್ದಲಕ್ಕೆ ಹೋಲಿಸಿದರೆ ಆ ದುಡ್ಡು ಚಿಲ್ಲರೆ.

ಈಗ ಹಳ್ಳದ ವಿಷಯಕ್ಕೆ ಬರುತ್ತೇನೆ. 2001ರಲ್ಲಿ ಎಚ್‌ಬಿಒ ಚಾನೆಲ್ಲಿಗೆ 'ಸ್ಟ್ರೇಂಜರ್ ಇನ್‌ಸೈಡ್' ಎಂಬ ಚಿತ್ರ ಮಾಡಿದರು: ಜೈಲಿನಲ್ಲಿರುವ ತಾಯಿಯನ್ನು ಹುಡುಕಿಕೊಂಡು ಅದೇ ಜೈಲಿಗೆ ಬರುವ ಮಗಳ ಕಥೆ. ನನ್ನ ಲೆಕ್ಕದಲ್ಲಿ ಅವರ ಅತ್ಯಂತ ಬಿಗಿಯಾದ ಕೆಲಸ ಅದು. 2004ರಲ್ಲಿ ಮಿರಾಮ್ಯಾಕ್ಸ್ ಸ್ಟುಡಿಯೋಗೆ 'ಮೈ ಬೇಬೀಸ್ ಡ್ಯಾಡಿ' ಎಂಬ ಕಾಮಿಡಿ. ಅದರ ಬಗ್ಗೆ ಹೆಚ್ಚು ಹೇಳುವುದಿಲ್ಲ, ಯಾರು ಬೇಕಾದರೂ ಮಾಡಬಹುದಾಗಿದ್ದ ಚಿತ್ರ. ಆಮೇಲೆ ಹತ್ತು ಹನ್ನೆರಡು ವರ್ಷ ಸ್ಟುಡಿಯೋಗಳ ಕಡೆಯಿಂದ ದೊಡ್ಡದೇನೂ ಇಲ್ಲ. ಗೆಳೆಯರನ್ನು ಸೇರಿಸಿಕೊಂಡು ಸಣ್ಣ ದುಡ್ಡಿನಲ್ಲಿ ಚಿತ್ರ ಮಾಡಿದರು, ಕಾಲೇಜುಗಳಲ್ಲಿ ಪಾಠ ಮಾಡಿದರು. ಹೆಸರಿತ್ತು, ಅವರ ಚಿತ್ರ ಸಿಲಬಸ್ಸಿನಲ್ಲೂ ಇತ್ತು. ಸೆಟ್ ಇರಲಿಲ್ಲ.

ಟೀವಿ ಸರಣಿಗಳಿಗೆ ಹೋಗಬಹುದಿತ್ತಲ್ಲ ಎನ್ನುತ್ತೀರಿ. ನಾನು ಹನ್ನೊಂದು ವರ್ಷದಿಂದ ಕನ್ನಡ ಧಾರಾವಾಹಿಗಳಲ್ಲಿ ಅಸೋಸಿಯೇಟ್ ಡೈರೆಕ್ಟರ್. ಎಪಿಸೋಡ್ ನೀನೇ ಮಾಡು ಎಂದು ಯಾರಾದರೂ ಹೇಳುವ ಮೊದಲು ನಾಲ್ಕು ವರ್ಷ ಕ್ಲ್ಯಾಪ್ ಬೋರ್ಡ್, ಕಂಟಿನ್ಯುಟಿ ಅಂತಲೇ ಕಳೆದಿದ್ದೇನೆ. ಕೇಳಿದಾಗಲೆಲ್ಲ ಒಂದೇ ಉತ್ತರ: ಇಂಡಿಪೆಂಡೆಂಟ್ ಆಗಿ ಎಷ್ಟು ಎಪಿಸೋಡ್ ಮಾಡಿದ್ದೀಯಮ್ಮ? ಹುಚ್ಚು ಬಿಡದೆ ಮದುವೆ ಆಗಲ್ಲ, ಮದುವೆ ಆಗದೆ ಹುಚ್ಚು ಬಿಡಲ್ಲ! ಅಮೆರಿಕದ ಪದ್ಧತಿ ಬೇರೆ, ಆದರೆ ಈ ಗಂಟು ಅಲ್ಲೂ ಇದೆ. ಅಲ್ಲಿ ಸರಣಿಯ ಯಜಮಾನಿಕೆ ಬರವಣಿಗೆ ನೋಡಿಕೊಳ್ಳುವ ಶೋರನ್ನರ್‌ದು. ಡೈರೆಕ್ಟರ್ ಎಂದರೆ ಒಂದೆರಡು ಎಪಿಸೋಡಿಗೆ ಬಂದು ಹೋಗುವ ನೆಂಟ. ಬೇರೆಯವರು ಕಟ್ಟಿದ ಮನೆಗೆ ಹೋಗಿ, ಗೊತ್ತಾದ ದಿನಗಳೊಳಗೆ ಅಡುಗೆ ಮುಗಿಸಿ ಬರಬೇಕು. ಹೊಸಬರನ್ನು ಕರೆದು ಶೆಡ್ಯೂಲ್ ಹಾಳಾದರೆ ಎಂಬ ಭಯ ಎಲ್ಲ ಪ್ರೊಡ್ಯೂಸರ್‌ಗಳಿಗೂ ಇರುತ್ತದೆ.

ಈ ಗಂಟು ಬಿಚ್ಚಿದವರು ಕಪ್ಪು ನಿರ್ದೇಶಕಿ ಏವಾ ಡುವರ್ನೇ. ತಮ್ಮ 'ಕ್ವೀನ್ ಶುಗರ್' ಸರಣಿಯನ್ನು 2016ರಲ್ಲಿ ಶುರು ಮಾಡುವಾಗಲೇ ಡೈರೆಕ್ಟರ್‌ಗಳೆಲ್ಲ ಹೆಂಗಸರೇ ಇರಬೇಕು ಎಂದು ಪಟ್ಟು ಹಿಡಿದರು. ಏಳು ಸೀಸನ್ ಹಾಗೇ ನಡೆಸಿದರು. 2017ರ ಎರಡನೇ ಸೀಸನ್ನಿಗೆ ಡುನ್ಯೆಗೆ ಕರೆ ಬಂತು. ಆಗ ಅವರಿಗೆ ಐವತ್ತು ದಾಟಿತ್ತು. ಒಂದು ಬಾಗಿಲು ತೆರೆದದ್ದೇ ತಡ, ಸಾಲು ಸಾಲಾಗಿ ಸರಣಿಗಳ ಕೆಲಸ: 'ಕ್ಲಾಸ್' (Claws), 'ಡಿಯರ್ ವೈಟ್ ಪೀಪಲ್', 2020ರಲ್ಲಿ 'ಲವ್‌ಕ್ರಾಫ್ಟ್ ಕಂಟ್ರಿ'ಯ ಐದನೇ ಎಪಿಸೋಡ್. ಇದರಲ್ಲಿ ಕಪ್ಪು ಹೆಣ್ಣೊಬ್ಬಳು ಬಿಳಿ ಹೆಣ್ಣಿನ ಮೈಯಲ್ಲಿ ಎಚ್ಚರವಾಗುತ್ತಾಳೆ. ಅದನ್ನು ಇವರ ಕೈಗೆ ಕೊಟ್ಟವರಿಗೆ ಬುದ್ಧಿ ಇತ್ತು ಎಂದುಕೊಂಡೆ.

ಅಮ್ಮನಿಗೆ ತೋರಿಸಲು ಸುಲಭದ್ದು ಬೇಕೆಂದರೆ ನೆಟ್‌ಫ್ಲಿಕ್ಸ್ ಸರಣಿ 'ಬ್ರಿಜರ್ಟನ್' ಇದೆ. ಶರ್ಮಾ ಅಕ್ಕತಂಗಿಯರ ಎರಡನೇ ಸೀಸನ್ನಿನಲ್ಲಿ ಎಪಿಸೋಡ್ ನಿರ್ದೇಶಿಸಿದವರಲ್ಲಿ ಡುನ್ಯೆ ಕೂಡ ಒಬ್ಬರು. ಅದೇ, ತಂಗಿ ಅಕ್ಕನನ್ನು ದೀದಿ ಎಂದು, ಅಕ್ಕ ತಂದೆಯನ್ನು ಅಪ್ಪಾ ಎಂದು ಕರೆದು ನಮ್ಮಲ್ಲೆಲ್ಲ ಇವರು ಯಾವ ಊರಿನ ಶರ್ಮಾ ಎಂದು ತಲೆ ಕೆಡಿಸಿದ ಸೀಸನ್. ಒಂದೆರಡು ಕಡೆ ಅಮ್ಮನ ಪಕ್ಕ ಕೂತು ನೋಡಲು ಮುಜುಗರವಾದೀತು, ರಿಮೋಟ್ ಕೈಯಲ್ಲಿರಲಿ.

ಹೇಳಿಕೊಂಡದ್ದರಿಂದ ನಷ್ಟ ಆಯಿತಾ? ಆಗಿರಬೇಕು; ಕೊಡದ ಕೆಲಸಕ್ಕೆ ಯಾರೂ ಕಾರಣ ಬರೆದು ಕೊಡುವುದಿಲ್ಲ. ಆದರೆ ಮೊದಲ ಚಿತ್ರದಲ್ಲಿ ಹೇಳಿಕೊಳ್ಳದೇ ಹೋಗಿದ್ದರೆ, ಇಪ್ಪತ್ತೊಂದು ವರ್ಷದ ಮೇಲೆ ಕರೆಯುವವರಿಗೆ ಇವರ ಹೆಸರು ನೆನಪಿರುತ್ತಿತ್ತಾ ಎಂಬ ಅನುಮಾನ ನನಗೆ. ನಿಮಗೆ ನನ್ನ ಸಲಹೆ ಇಷ್ಟೇ. ಶಾರ್ಟ್ ಫಿಲ್ಮ್ ನಿಮಗೆ ಬೇಕಾದ ಹಾಗೇ ಮಾಡಿ, ಹೊಟ್ಟೆಪಾಡಿಗೆ ಎಡಿಟಿಂಗೋ ಪಾಠವೋ ಒಂದನ್ನು ಕೈಯಲ್ಲಿಟ್ಟುಕೊಳ್ಳಿ. ಮನೆಯಲ್ಲಿ ಯಾವಾಗ ಹೇಳಬೇಕು ಎಂಬುದನ್ನು ನನ್ನಂಥ ಗುರುತಿಲ್ಲದವಳ ಮಾತಿನ ಮೇಲೆ ತೀರ್ಮಾನಿಸಬೇಡಿ.

'ವಾಟರ್‌ಮೆಲನ್ ವುಮನ್' ನೋಡುವಾಗ ಒಂದು ಕಡೆ ನಿಲ್ಲಿಸಿ ನೋಡಿ. ಶೆರಿಲ್ ತನ್ನ ತಾಯಿಯನ್ನು ಕೂರಿಸಿಕೊಂಡು ಆ ನಟಿಯ ಬಗ್ಗೆ ಕೇಳುತ್ತಾಳೆ. ಅಲ್ಲಿ ಕೂತಿರುವುದು ಡುನ್ಯೆಯ ಸ್ವಂತ ತಾಯಿ, ಐರೀನ್ ಡುನ್ಯೆ. ಹುಟ್ಟೇ ಇರದ ಒಬ್ಬ ಹೆಂಗಸಿನ ಫೋಟೋ ನೋಡಿ, ಓ ಇವಳಾ, ಕ್ಲಬ್ಬಿನಲ್ಲಿ ಹಾಡುತ್ತಿದ್ದಳಲ್ಲ ಎಂಬಂತೆ ಆಕೆ ನೆನಪು ಮಾಡಿಕೊಳ್ಳುತ್ತಾರೆ. ಮಗಳ ಸಿನಿಮಾಕ್ಕಾಗಿ ಹೇಳಿದ ಆ ಸುಳ್ಳನ್ನು ನಾನು ಮೊದಲ ಸಲ ನೋಡಿದಾಗ ಪೂರ್ತಿ ನಂಬಿದ್ದೆ.